ಇಯತ್ತೆ ನೋಡಿ ತಂದ ಬೂಟು

ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ 'ಬರೋಬ್ಬರಿ ಐತಿ' ಎಂದು ತೀರ್ಪು ಕೊಡುವ ಗಂಡಸರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆಯಾಗಿ ರಾಮದುರ್ಗಕ್ಕೆ ಬಂದು, ಮಗಳನ್ನು ಶಾಲೆಗೆ ಹಾಕಿದ ಮೇಲೆ ಪ್ರತಿ ಜೂನಿನಲ್ಲೂ ಪೇಟೆಯ ಬೂಟಿನ ಅಂಗಡಿಯಲ್ಲಿ ಈ ನಾಟಕ ನೋಡುವುದು ನನ್ನ ಹಣೆಬರಹವಾಯಿತು. ಮಗು ಸ್ಟೂಲಿನ ಮೇಲೆ ಕುಳಿತಿರುತ್ತದೆ. ಅಪ್ಪ ಒತ್ತುತ್ತಾನೆ, ಅಂಗಡಿಯವನು ಒತ್ತುತ್ತಾನೆ, ತನ್ನ ಚಪ್ಪಲಿ ಕೊಳ್ಳಲು ಬಂದ ಇನ್ಯಾರೋ ಪುಣ್ಯಾತ್ಮನೂ ಬಗ್ಗಿ ಒಂದು ಸಲ ಒತ್ತುತ್ತಾನೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರಿಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ. ಒಳಗೆ ಕಾಲಿಟ್ಟುಕೊಂಡು ಕುಳಿತ ಮಗುವನ್ನು ಮಾತ್ರ ಒಬ್ಬರೂ ಕೇಳುವುದಿಲ್ಲ.

ನಾನು ಮಗಳನ್ನು ಬೆಳಿಗ್ಗೆ ಕರೆದುಕೊಂಡು ಹೋಗುವುದಿಲ್ಲ. ಇಡೀ ದಿನ ಕುಣಿದು ಕಾಲು ಊದಿಕೊಂಡಿರುವ ಸಂಜೆ ಹೊತ್ತಿಗೆ ಹೋಗುತ್ತೇನೆ. ಕಾಲ್ಚೀಲ ಹಾಕಿಸುತ್ತೇನೆ. ಎರಡೂ ಬೂಟು ಹಾಕಿಸಿ ನಿಲ್ಲಿಸುತ್ತೇನೆ, ನಡೆಸುತ್ತೇನೆ, ಅಂಗಡಿಯ ಮೆಟ್ಟಿಲು ಹತ್ತಿಸಿ ಇಳಿಸುತ್ತೇನೆ. ಬೆರಳುಗಳನ್ನು ಒಳಗೇ ಆಡಿಸು ಎನ್ನುತ್ತೇನೆ. ಹೆಸರುವಾಸಿ ಕಂಪನಿಯದೇ ಆಗಬೇಕೆಂಬ ಹಟ ನನಗಿಲ್ಲ, ಮುಂಭಾಗ ಅಗಲವಿದ್ದರೆ ಅಗ್ಗದ್ದೇ ಸಾಕು. ಅಂಗಡಿಯವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಅವನ ಪ್ರೀತಿಯಿಂದ ನನಗೇನು ಆಗಬೇಕಾಗಿದೆ? ನನ್ನ ತಮ್ಮನ ಕಾಲಿನ ಗತಿ ನನ್ನ ಮಗಳ ಕಾಲಿಗೆ ಬರಬಾರದು, ಅಷ್ಟೇ.

ತಮ್ಮನ ಕಾಲು ಹಾಳಾದದ್ದು ಬಡತನದಿಂದಲ್ಲ. ಹಾಗಾಗಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಅದು ಹಾಳಾದದ್ದು ಎರಡು ಮನೆಗಳ ಮರ್ಯಾದೆಯಿಂದ.

ನಮ್ಮದು ಬೈಲಹೊಂಗಲ. ಅಪ್ಪನದು ಹತ್ತಿಯ ಅಡತಿ ಅಂಗಡಿ. ರೈತರ ಹತ್ತಿ ಮಾರಿಸಿಕೊಟ್ಟು ದಲಾಲಿ ತೆಗೆದುಕೊಳ್ಳುವ ವ್ಯಾಪಾರ, ಉಂಡುಟ್ಟು ಮಿಗುವಷ್ಟಿತ್ತು. ತೊಂಬತ್ತರ ದಶಕದ ಆಸುಪಾಸಿನಲ್ಲಿ ನಮ್ಮ ಶಾಲೆಯ ಆಡಳಿತ ಮಂಡಳಿಗೆ ಬೂಟಿನ ಹುಚ್ಚು ಹಿಡಿಯಿತು. ಧಾರವಾಡದ ಶಾಲೆಗಳ ಮಕ್ಕಳನ್ನು ನೋಡಿಬಂದ ಯಾರೋ ಹಿರಿಯರು, ನಮ್ಮ ಮಕ್ಕಳೂ ಕರಿ ಬೂಟು ಹಾಕಿದರೆ ಹಾಗೇ ಜಾಣರಾಗುತ್ತಾರೆಂದು ನಂಬಿಬಿಟ್ಟರು. ಹುಡುಗರಿಗೆ ಲಾಡಿ ಕಟ್ಟುವ ಬೂಟು, ಹುಡುಗಿಯರಿಗೆ ಪಟ್ಟಿ ಬೂಟು. ಶಾಲೆಯಲ್ಲಿ ಬೆಂಚುಗಳೇ ಇರಲಿಲ್ಲ. ನಾವು ಕೂರುತ್ತಿದ್ದದ್ದು ಜಮಖಾನೆಯ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು. ಜಮಖಾನೆ ಹೊಲಸಾಗಬಾರದೆಂದು ಬೂಟನ್ನು ಕೋಣೆಯ ಬಾಗಿಲಲ್ಲೇ ಬಿಡಬೇಕು. ಒಟ್ಟಿನಲ್ಲಿ ಆ ಬೂಟುಗಳ ಉಪಯೋಗ ಗೇಟಿನಿಂದ ಬಾಗಿಲ ತನಕ, ಮತ್ತೆ ಸ್ವಾತಂತ್ರ್ಯ ದಿನದ ಕವಾಯತಿಗೆ. ಇದನ್ನು ಸುಧಾರಣೆ ಎಂದು ಕರೆದು ಎಲ್ಲರೂ ಬೀಗಿದರು.

ನಾನಾಗ ಮೂರನೆಯ ಇಯತ್ತೆಯಲ್ಲಿದ್ದೆ. ಇಯತ್ತೆ ಅಂದರೆ ತರಗತಿ, ನಮ್ಮ ಕಡೆ ಹಾಗೇ ಅನ್ನುವುದು. ತಮ್ಮ ಎರಡನೆಯದರಲ್ಲಿದ್ದ. ಬೂಟಿನ ಸುದ್ದಿ ಅವ್ವನ ತವರೂರು ಮನೋಳಿಗೆ ಮುಟ್ಟಿದ್ದೇ ತಡ, ಅವ್ವನ ಅಣ್ಣ ಜೀಪಿನಲ್ಲಿ ಎರಡು ಡಬ್ಬಿ ಇಟ್ಟುಕೊಂಡು ಬಂದ. ಮಾಮಾನಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ, ಓದುವವರು ಕ್ಷಮಿಸಬೇಕು. ನವಿಲುತೀರ್ಥದ ಡ್ಯಾಮಿನಿಂದ ಕಾಲುವೆ ನೀರು ಹೊಲಕ್ಕೆ ಹರಿದು, ಜೋಳ ಬೆಳೆಯುವಲ್ಲಿ ಕಬ್ಬು ನಿಂತ ಮೇಲೆ ಅವನ ಮಾತಿನ ಧಾಟಿಯೇ ಬದಲಾಗಿತ್ತು. ಡ್ಯಾಮು ಕಟ್ಟಿಸಿದವನು ತಾನೇ ಎಂಬ ಹಾಗೆ ಮೀಸೆ ತಿರುವುತ್ತಿದ್ದ.

ಅವನು ಧಾರವಾಡದಿಂದ ಬರುತ್ತ ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಚಹಾ ಕುಡಿಯಲು ಇಳಿದಿದ್ದನಂತೆ. ಅಲ್ಲೇ ಒಂದು ಬೂಟಿನ ಅಂಗಡಿ ಕಂಡಿತು. ಯಾವ ನಂಬರು ಬೇಕೆಂದು ಅಂಗಡಿಯವನು ಕೇಳಿದ. ಮಾಮಾನಿಗೆ ಗೊತ್ತಿರಲಿಲ್ಲ. ಆದರೆ ಒಬ್ಬ ಅಂಗಡಿಯವನ ಮುಂದೆ ತನಗೆ ಗೊತ್ತಿಲ್ಲ ಎನ್ನುವುದು ಆ ಮನುಷ್ಯನ ಜನ್ಮದಲ್ಲೇ ಆಗದ ಕೆಲಸ. 'ಒಬ್ಬಾಕಿ ಮೂರನೇತ್ತಿ, ಒಬ್ಬಾಂವ ಎರಡನೇತ್ತಿ' ಎಂದ. ಗಿರಾಕಿಯನ್ನು ಕಳಿಸಿಕೊಟ್ಟರೆ ಸಾಕಾಗಿದ್ದ ಅಂಗಡಿಯವನು ಮೂರನೆಯ ನಂಬರಿನದೊಂದು, ಎರಡನೆಯ ನಂಬರಿನದೊಂದು ಕಟ್ಟಿಕೊಟ್ಟ. ಅಲ್ಲಿಗೆ ಮಾಮಾನ ತಲೆಯಲ್ಲಿ ಒಂದು ಸಿದ್ಧಾಂತ ಹುಟ್ಟಿತು.

"ಕಂಪನ್ಯಾವ್ರು ಸುಮ್ನ ನಂಬರ ಬರದಾರೇನ?" ಎಂದು ನಮ್ಮ ಪಡಸಾಲೆಯಲ್ಲಿ ಕುಳಿತು ಅಪ್ಪನಿಗೆ ವಿವರಿಸಿದ. "ಇಯತ್ತೆ ನೋಡಿ ಬರದಾರ. ಎರಡನೇತ್ತಿಗೆ ಎರಡು, ಮೂರನೇತ್ತಿಗೆ ಮೂರು. ಇದು ಭಾಳ ಮಂದಿಗೆ ಗೊತ್ತಿಲ್ಲ ನೋಡ್ರಿ."

"ಹಂಗಾರ ಅಂಗಡ್ಯಾಗ ಹನ್ನೊಂದು, ಹನ್ನೆರಡು ನಂಬರಿನ ಸಣ್ಣ ಸಣ್ಣ ಬೂಟ ಇರತಾವಲ್ಲ?" ಎಂದು ಅಪ್ಪ ಕೇಳಿದ.

"ಅವು ಇನ್ನೂ ಸಾಲೀಗೆ ಹಚ್ಚಲಾರದ ಹುಡುಗೂರವು. ಅವಕ್ಕ ಲೆಕ್ಕ ಇಲ್ಲ."

ಅಪ್ಪ ತಲೆಯಾಡಿಸಿದ. ಹತ್ತಿಯ ಎಳೆ ಹಿಡಿದು ಜಗ್ಗಿ ನೋಡಿ ಇದು ಯಾವ ಹೊಲದ್ದು ಎಂದು ಹೇಳಬಲ್ಲ ಮನುಷ್ಯ, ಈ ಮಾತಿಗೆ ತಲೆಯಾಡಿಸಿದ.

ದುರದೃಷ್ಟಕ್ಕೆ ಸಿದ್ಧಾಂತ ನಿಜವಾಯಿತು. ನನ್ನ ಬೂಟು ದೊಡ್ಡದಾಗಿ ಲೊಳಲೊಳ ಅನ್ನುತ್ತಿತ್ತು, ಆದರೆ ಹುಡುಗಿಯ ಕಾಲನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ತಮ್ಮನ ಬೂಟು ಮಾತ್ರ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅಪ್ಪನ ಮನೆತನದ ಅಗಲ ಪಾದ ಅವನಿಗೆ ಬಂದಿತ್ತು, ವಯಸ್ಸಿಗೆ ಮೀರಿ ಬೆಳೆಯುತ್ತಿತ್ತು. ಎರಡನೆಯ ಇಯತ್ತೆಯಲ್ಲಿ ಎರಡು, ಮೂರರಲ್ಲಿ ಮೂರು, ನಾಲ್ಕರಲ್ಲಿ ನಾಲ್ಕು. ಅವನ ಕಾಲೂ ಅವನ ಇಯತ್ತೆಯೂ ಕೈಕೈ ಹಿಡಿದು ನಡೆದವು. ಮಾಮಾ ಪ್ರತಿ ಜೂನಿನಲ್ಲಿ ಬಂದು, ತಮ್ಮನ ಬೂಟಿನ ಮೂತಿ ಒತ್ತಿ, 'ಹೆಂಗ?' ಎಂದು ಎಲ್ಲರ ಮುಖ ನೋಡುತ್ತಿದ್ದ.

ನಮ್ಮ ಕಡೆ ಒಂದು ಸಲ ಆದದ್ದು ಪದ್ಧತಿಯಾಗಲು ಇನ್ನೊಂದು ಸಲ ಆದರೆ ಸಾಕು. ಮಕ್ಕಳ ಶಾಲೆಯ ಬೂಟು ತವರಿನಿಂದ ಬರಬೇಕು ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಆದರೂ ಮೂರು ವರ್ಷದೊಳಗೆ ಅದು ಬಸುರಿಯ ಕುಬುಸಕ್ಕೆ ತರುವ ರವಿಕೆಯ ಕಣ, ಪಂಚಮಿಯ ಉಂಡಿ ಇದ್ದ ಹಾಗೆ ತವರಿನ ಹಕ್ಕಾಗಿ ಕೂತಿತು. ಅಪ್ಪ ಇದಕ್ಕೆ ಮರ್ಯಾದೆಯ ಮುಖವಾಡ ತೊಡಿಸಿದ. 'ತವರಿನ ಕಡಿಯಿಂದ ಬರೋದನ್ನ ನಾ ಹೆಂಗ ಬ್ಯಾಡ ಅನ್ಲಿ?' ಎನ್ನುತ್ತಿದ್ದ. ಒಳಗೊಳಗೆ ಖರ್ಚು ತಪ್ಪಿದ ಖುಷಿ. ಅವ್ವನಿಗೆ ಮಾತ್ರ ಅದು ನಿಜವಾದ ಹೆಮ್ಮೆಯಾಗಿತ್ತು. ಅಣ್ಣ ವರ್ಷಕ್ಕೊಮ್ಮೆ ತನ್ನ ಮಕ್ಕಳನ್ನು ನೆನೆಯುತ್ತಾನಲ್ಲ ಎಂದು ಆ ಡಬ್ಬಿಗಳನ್ನು ಪೂಜೆಯ ಜಗಲಿಯ ಮುಂದಿಟ್ಟು ತೆಗೆಯುತ್ತಿದ್ದಳು.

ತಮ್ಮ ಐದನೆಯ ಇಯತ್ತೆಯಲ್ಲಿ ನಪಾಸಾದ. ಗಣಿತ ಅವನಿಗೆ ಹತ್ತಲಿಲ್ಲ. ಐದನೆಯ ನಂಬರಿನ ಬೂಟು ಆ ವರ್ಷದ ದೀಪಾವಳಿಯ ಹೊತ್ತಿಗೇ ಬಿಗಿಯಾಗಿತ್ತು. ಜೂನ್ ಬಂದರೆ ಆರು ಬರುತ್ತದೆ ಎಂದು ಅವನು ಹಲ್ಲು ಕಚ್ಚಿ ತಡೆದುಕೊಂಡಿದ್ದ. ಜೂನ್ ಬಂತು, ಮಾಮಾ ಬಂದ, ನನಗೆ ಏಳನೆಯ ನಂಬರಿನ ಪಟ್ಟಿ ಬೂಟು ತಂದ. ನನ್ನ ಎರಡೂ ಪಾದ ಒಂದರಲ್ಲೇ ಹಿಡಿಸುವಂಥದ್ದು. ತಮ್ಮನ ಡಬ್ಬಿ ತೆರೆದರೆ ಮತ್ತೆ ಐದು.

"ಪಾಸಾದ ಮ್ಯಾಲ ಆರು" ಎಂದ ಮಾಮಾ, ಬಹಳ ಗಂಭೀರವಾಗಿ. "ಬುದ್ಧಿ ಬರ್ಲಿ ಅವಗ."

ಅವನ ಪಾಲಿಗೆ ಅದೊಂದು ನೀತಿಪಾಠವಾಗಿತ್ತು. ಪಾಠ ಕಲಿಯಬೇಕಾದ ತಲೆಯನ್ನು ಬಿಟ್ಟು ಶಿಕ್ಷೆಯನ್ನು ಬೆರಳುಗಳಿಗೆ ಕೊಟ್ಟು ಹೋದ. ಅಪ್ಪ ಎದುರಿಗೇ ಕುಳಿತಿದ್ದ. ತಮ್ಮ ಬೂಟಿನೊಳಗೆ ಕಾಲು ತುರುಕುವಾಗ ಮುಖ ಕಿವುಚಿದ್ದನ್ನು ನೋಡಿಯೂ, ಅಡಿಕೆ ಕತ್ತರಿಸುತ್ತ ಕುಳಿತ. ಮಾಮಾ ಹೆಬ್ಬೆರಳಿನಿಂದ ಮೂತಿ ಒತ್ತಿದ. ಅದು ಒತ್ತಲು ಬರದಷ್ಟು ತುಂಬಿಕೊಂಡಿತ್ತು. 'ಗಟ್ಟಿ ಕುಂತೈತಿ' ಎಂದು ತೃಪ್ತಿಪಟ್ಟ.

ಯಾರಾದರೂ ಹೇಳಬಹುದಿತ್ತಲ್ಲ ಎಂದು ಕೇಳಬಹುದು. ಹೇಳುವಂತಿರಲಿಲ್ಲ. ಕೊಟ್ಟದ್ದಕ್ಕೆ ಹೆಸರಿಡುವುದು ಎಂದರೆ ನಮ್ಮ ಕಡೆ ಮುಖದ ಮೇಲೆ ಉಗುಳಿದಷ್ಟೇ ದೊಡ್ಡ ಅಪರಾಧ. ಬೂಟು ಬಿಗಿ ಎಂದರೆ ತವರು ಕೊಟ್ಟದ್ದು ಸಾಲದು ಎಂದ ಹಾಗೆ. ಅಪ್ಪ ಬೇರೆ ಕೊಡಿಸಿದರೆ, ಹೆಣ್ಣು ಕೊಟ್ಟ ಮನೆಯವರ ಕೈಲಾಗದ್ದನ್ನು ತಾನು ಮಾಡಿ ತೋರಿಸಿದ ಹಾಗೆ. ಇಬ್ಬರು ಬೆಳೆದ ಗಂಡಸರು ಒಬ್ಬರ ಮರ್ಯಾದೆ ಇನ್ನೊಬ್ಬರು ಕಾಯುತ್ತ ಕುಳಿತರು. ನಡುವೆ ಒಬ್ಬ ಹುಡುಗನ ಕಾಲು ಸಿಕ್ಕಿಕೊಂಡಿತು.

ತಮ್ಮ ಬೆರಳು ಮಡಚಿಕೊಂಡು, ಪಾದದ ಹೊರಗಿನ ಅಂಚಿನ ಮೇಲೆ ಭಾರ ಹಾಕಿ ನಡೆಯುವುದನ್ನು ಕಲಿತ. ದೂರದಿಂದ ನೋಡಿದರೆ ಕುಂಟಿದಂತೆ ಕಾಣುತ್ತಿತ್ತು. 'ನೆಟ್ಟಗ ನಡಿ' ಎಂದು ಅಪ್ಪ ಗದರುತ್ತಿದ್ದ. 'ನೆಟ್ಟಗ ನಡಿ' ಎಂದು ಕವಾಯತಿನ ಮಾಸ್ತರು ಕಾಲಿಗೆ ಛಡಿ ಬೀಸುತ್ತಿದ್ದರು. ಬೂಟು ಕಡ್ಡಾಯ ಮಾಡಿದ ಶಾಲೆಯಲ್ಲಿ ಒಬ್ಬರಿಗೂ ಆ ಬೂಟಿನೊಳಗೆ ಏನಿದೆ ಎಂದು ನೋಡಬೇಕೆನಿಸಲಿಲ್ಲ. ಲಾಡಿ ಸರಿಯಾಗಿ ಕಟ್ಟಿದೆಯೇ, ಪಾಲಿಶ್ ಹೊಳೆಯುತ್ತಿದೆಯೇ, ಅಷ್ಟನ್ನೇ ನೋಡಿದರು.

ಒಂದು ದಿನ ನಾನೇ ಉಪಾಯ ಮಾಡಿದೆ. ನನ್ನ ಏಳನೆಯ ನಂಬರು ಅವನ ಕಾಲಿಗೆ ಸರಿಯಾಗುತ್ತಿತ್ತು. 'ಹಾಕ್ಕೊಂಡ ಹೋಗು, ನಾ ಚಪ್ಪಲಿ ಮ್ಯಾಲ ಹೋಗಿ ಬೈಸ್ಕೋತೀನಿ' ಎಂದೆ. ಪಾಪ, ಹಾಕಿಕೊಂಡು ಹೋದ. ಹುಡುಗಿಯರ ಪಟ್ಟಿ ಬೂಟು! ಗೇಟು ದಾಟುವುದರೊಳಗೆ ಅವನ ಜೊತೆಗಾರರು ಸುತ್ತುವರಿದು ಹಾಡಿಕೊಂಡು ನಕ್ಕರು. ಮಧ್ಯಾಹ್ನ ಬೂಟು ಕೈಯಲ್ಲಿ ಹಿಡಿದು ಬರೀ ಕಾಲ್ಚೀಲದಲ್ಲಿ ಮನೆಗೆ ಬಂದು, ನನ್ನ ಮುಖ ನೋಡದೆ, ಐದನೆಯ ನಂಬರಿನ ಲಾಡಿಯನ್ನು ಬಿಚ್ಚತೊಡಗಿದ.

ಆಗ ಅವ್ವ ಅವನ ಕಾಲ್ಚೀಲ ಎಳೆದು ನೋಡಿದಳು. ಹೆಬ್ಬೆರಳಿನ ಉಗುರು ಕರ್ರಗಾಗಿ ಏಳುತ್ತಿತ್ತು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಹೊಕ್ಕು ಹಣ್ಣಾಗಿತ್ತು. ಅವ್ವ ಎಣ್ಣೆ ಅರಿಶಿನ ಹಚ್ಚಿದಳು. ಸಂಜೆ ಅಪ್ಪ ಅಂಗಡಿಯಿಂದ ಬಂದಾಗ, "ಏನ್ರಿ, ಸವದತ್ತಿ ಗುಡ್ಡಕ್ಕ ಹರಕಿ ಐತಿ. ರವಿವಾರ ಹುಡುಗೂರನ್ನ ಕರಕೊಂಡ ಹೋಗಿ ಬರತೇನಿ" ಎಂದಳು. ದೇವರ ಕೆಲಸಕ್ಕೆ ಅಪ್ಪ ಯಾಕೆ ಬೇಡ ಎನ್ನುತ್ತಾನೆ?

ಹರಕೆ ಸುಳ್ಳೆಂದು ನನಗೆ ಬಸ್ಸು ಹತ್ತಿದ ಮೇಲೆ ತಿಳಿಯಿತು. ದೇವಸ್ಥಾನದ ಮುಂದೆ ಕಾಲ್ಮರಿ, ಅಂದರೆ ಚಪ್ಪಲಿ ಬೂಟು, ಕಳುವಾದರೆ ನಮ್ಮ ಕಡೆ ಯಾರೂ ಅಳುವುದಿಲ್ಲ, ಪೀಡೆ ಹೋಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅವ್ವ ಹಿಡಿದದ್ದು ಅದೇ ಎಳೆ. ಗುಡ್ಡದ ಮೇಲೆ ತಮ್ಮನ ಬೂಟು ಕಳುವಾಗಬೇಕು. ಕಳುವಾದ ಮೇಲೆ ಹೊಸದು ಕೊಂಡರೆ ಅಣ್ಣನಿಗೆ ಹೆಸರಿಟ್ಟ ಹಾಗಾಗುವುದಿಲ್ಲ. ಮಗನ ಕಾಲಿನ ಅಳತೆಯ ಬೂಟು ಕೊಳ್ಳಲು ನನ್ನವ್ವ, ನಾಲ್ಕು ಮಂದಿಯ ಅಡುಗೆ ನಾಲ್ವತ್ತು ಮಂದಿಗೆ ಬಡಿಸಬಲ್ಲ ಹೆಣ್ಣುಮಗಳು, ಕಳ್ಳರ ದಾರಿ ಕಾಯಬೇಕಾಯಿತು.

ಬಸ್ಸು ಮನೋಳಿಯ ಮೇಲೇ ಹೋಗಬೇಕು. ತವರೂರಿನ ನಿಲ್ದಾಣ ಬಂದಾಗ ಅವ್ವ ಸೆರಗನ್ನು ಹಣೆಯ ತನಕ ಎಳೆದು, ಕಿಟಕಿಯ ಕಡೆ ಬೆನ್ನು ಹಾಕಿ ಕುಳಿತಳು. ಹೆಣ್ಣುಮಕ್ಕಳು ತವರೂರು ಬಂತೆಂದರೆ ಕಿಟಕಿಯ ಹೊರಗೆ ಕತ್ತು ಚಾಚಿ ಹುಣಸೆಗಿಡ, ಅಗಸಿಬಾಗಿಲು ಎಂದು ಗುರುತು ಹಿಡಿಯುತ್ತಾರೆ. ಇವಳು ಸಾಲ ಮಾಡಿ ಓಡಿಹೋಗುವವರ ಹಾಗೆ ಮುಖ ಮುಚ್ಚಿಕೊಂಡಳು. ಬಸ್ಸು ಹೊಳೆ ದಾಟಿದ ಮೇಲೆ ಸೆರಗು ಹಿಂದೆ ಸರಿಸಿದಳು.

ಗುಡ್ಡದ ಮೇಲೆ ಎಲ್ಲರೂ ಕಾಲ್ಮರಿ ಗುಂಪಾಗಿ ಬಿಟ್ಟಲ್ಲಿ ಬಿಡದೆ, ಅವ್ವ ತಮ್ಮನ ಬೂಟುಗಳನ್ನು ದೂರ ಒಂದು ಕಲ್ಲಿನ ಮೇಲೆ ಜೋಡಿಸಿಟ್ಟಳು. ಪಾಲಿಶ್ ಹೊಳೆಯುವ ಹಾಗೆ ಬಿಸಿಲಿಗೆ ಇಟ್ಟಳು. ತನ್ನ ಹಳೆ ಚಪ್ಪಲಿಗಳನ್ನು ಗುಂಪಿನೊಳಗೆ ತೂರಿದಳು. ಒಳಗೆ ಹೋಗಿ ಕೈ ಮುಗಿದು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಹೊರಗೆ ಬಂದಾಗ ಹೆಬ್ಬೆರಳು ತೂರಿಸುವ ಉಂಗುಷ್ಟ ಹರಿದ ಅವ್ವನ ಚಪ್ಪಲಿ ಹೋಗಿದ್ದವು. ಬೂಟು ಇಟ್ಟಲ್ಲೇ ಇದ್ದವು. ಹೊಲಿಗೆ ಬಿಟ್ಟ ಚಪ್ಪಲಿಗೂ ಗತಿಯಿಲ್ಲದ ಕಳ್ಳ, ಮಾಮಾನ ಉಡುಗೊರೆಯನ್ನು ಮುಟ್ಟದೆ ಹೋಗಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅವ್ವನ ಮುಖ ನೋಡಿ ನುಂಗಿಕೊಂಡೆ.

"ನಡಿ" ಎಂದಳು ಅವ್ವ ತಮ್ಮನಿಗೆ. "ಹಿಂದ ತಿರುಗಿ ನೋಡಬ್ಯಾಡ."

ಮೂವರೂ ಬರಿಗಾಲಲ್ಲೇ ಇಳಿಯತೊಡಗಿದೆವು. ನಾನು ನನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ, ಯಾಕೋ ಅವ್ವನ ಮುಂದೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಬಸ್ಸು ನಿಲ್ಲುವ ಜಾಗ ಕಾಣುತ್ತಿದ್ದಂತೆ ಹಿಂದಿನಿಂದ ಕೂಗು ಕೇಳಿತು. ಕಾಯಿ ಕರ್ಪೂರ ಮಾರುವ ಹೆಂಗಸು ಏದುಸಿರು ಬಿಡುತ್ತ ಓಡಿ ಬರುತ್ತಿದ್ದಳು. ಎರಡೂ ಕೈಯಲ್ಲಿ ಎರಡು ಬೂಟು.

"ಯಕ್ಕಾ! ಹುಡುಗನ ಬೂಟ ಮರತ ಹೊಂಟೀರಲ್ಲರಿ! ಭಾಳ ಕಳ್ಳರ ಕಾಟ ಐತ್ರಿ ಇಲ್ಲೆ. ನೀವು ಬ್ಯಾರೆ ಇಟ್ಟದ್ದ ನೋಡಿ ನಾನ ಕಾದ ಕುಂತಿದ್ನಿ."

ಅಂದರೆ ನಾವು ದೇವರ ಮುಂದೆ ನಿಂತಷ್ಟು ಹೊತ್ತೂ ಈ ಮಹಾತಾಯಿ ನಮ್ಮ ಪೀಡೆಗೆ ಕಾವಲು ಕುಳಿತಿದ್ದಳು. ಯಾರಿಗೂ ಬೇಡವಾದ ಒಳ್ಳೆಯತನಕ್ಕೆ ನಮ್ಮ ಸೀಮೆಯಲ್ಲಿ ಯಾವತ್ತೂ ಬರಗಾಲ ಬಂದಿಲ್ಲ. ಆಕೆ ಇನಾಮಿಗೆ ಕಾದು ಕದಲದೆ ನಿಂತಳು. ಅವ್ವ ಅವಳಿಗೆ ಒಂದು ತೆಂಗಿನಕಾಯಿಯ ರೊಕ್ಕ ಕೊಟ್ಟು, 'ಪುಣ್ಯಾ ಬರ್ಲಿ ತಂಗಿ ನಿನಗ' ಎಂದು ಬೂಟು ಇಸಿದುಕೊಂಡಳು.

ಕೆಳಗೆ ಸವದತ್ತಿ ಪೇಟೆಯಲ್ಲಿ ಇಳಿದಾಗ ಅವ್ವ ಮನೆಗೆ ಹೋಗುವ ಬಸ್ಸು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ನೇರ ಒಂದು ಬೂಟಿನ ಅಂಗಡಿಗೆ ನುಗ್ಗಿದಳು. ಬರಿಗಾಲಿನ ಹೆಂಗಸನ್ನು ನೋಡಿ ಅಂಗಡಿಯವನು ಚಪ್ಪಲಿ ತೆಗೆಯಹೋದ.

"ನನಗಲ್ರಿ. ಹುಡುಗಗ ಕರಿ ಬೂಟ ಬೇಕು."

ಅವನು ತಮ್ಮನ ಕೈಯಲ್ಲಿದ್ದ ಬೂಟು ತೆಗೆದುಕೊಂಡು, ತಿರುವಿ ಹಾಕಿ, ಅಟ್ಟೆಯ ಮೇಲಿನ ನಂಬರು ಓದಿ, ಒಳಗಿನಿಂದ ಐದನೆಯ ನಂಬರಿನ ಡಬ್ಬಿ ತಂದಿಟ್ಟ. ಅವನೂ ಅದೇ ತಳಿ.

"ಬೂಟಿನ ತಳಾ ನೋಡಬ್ಯಾಡ್ರಿ" ಎಂದಳು ಅವ್ವ. "ಕಾಲು ನೋಡ್ರಿ."

ತಮ್ಮ ಕಾಲು ತೋರಿಸಲು ನಾಚಿ ಸ್ಟೂಲಿನ ಕೆಳಗೆ ಎಳೆದುಕೊಂಡ. ಅವ್ವ ಅವನನ್ನು ಎದ್ದು ನಿಲ್ಲಿಸಿದಳು. ಅಂಗಡಿಯವನು ಆರನೆಯ ನಂಬರು ತಂದು, ಹಿಮ್ಮಡಿಗೆ ತಗಡಿನ ಚಮಚ ತೂರಿಸಿ, ಜಬರದಸ್ತಿಯಿಂದ ಒಳಗೆ ದೂಡಿ, ಹೆಬ್ಬೆರಳಿನಿಂದ ಒತ್ತಿದ.

"ಜರಾ ಬಿಗಿ ಐತ್ರಿ, ಹಾಕ್ಕೋಂತ ಹಾಕ್ಕೋಂತ ಚರ್ಮ ಬಿಡತೈತಿ."

ಅದು ಚರ್ಮವೂ ಆಗಿರಲಿಲ್ಲ, ಬರೀ ರೆಕ್ಸಿನ್ನು. ಅದು ಬಿಟ್ಟರೆ ಹರಿಯುತ್ತದೆಯೇ ಹೊರತು ಹಿಗ್ಗುವುದಿಲ್ಲ.

"ಅದು ಬಿಡೋದರಾಗ ನನ್ನ ಮಗನ ಉಗುರ ಬಿಡತಾವು. ಏಳು ತರ್ರಿ" ಎಂದಳು ಅವ್ವ.

ಅವ್ವ ಅಷ್ಟು ಗಟ್ಟಿ ದನಿಯಲ್ಲಿ ಒಬ್ಬ ಗಂಡಸಿಗೆ ಉತ್ತರ ಕೊಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು. ಏಳು ಬಂತು. ಒಂದು ಚೂಪು ಮೂತಿಯದು, ಮೇಲೆ ಹೂವಿನ ಹಾಗೆ ತೂತು ಕೊರೆದದ್ದು, ದುಬಾರಿ. ಅದನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದು ಅಗಲ ಮೂತಿಯದು, ಹೆಸರಿಲ್ಲದ ಕಂಪನಿಯದು, ನೋಡಲು ಕಪ್ಪೆಯ ಹಾಗಿತ್ತು. ಅದನ್ನು ಹಾಕಿಸಿ ಬಾಗಿಲ ತನಕ ನಡೆಸಿದಳು, ಮತ್ತೆ ನಡೆಸಿದಳು. ಬೆರಳು ಎಲ್ಲಿವೆ ಎಂದು ಕೇಳಿದಳು. ಎಷ್ಟೋ ತಿಂಗಳ ಮೇಲೆ ಒಬ್ಬರು ಅವನ ಬೆರಳುಗಳನ್ನು ವಿಚಾರಿಸಿದ್ದರು. 'ಆಡಾಕ ಹತ್ತ್ಯಾವು' ಎಂದ ತಮ್ಮ, ಕಣ್ಣು ಅರಳಿಸಿ. ಬಸ್ಸಿನ ಖರ್ಚು ಬಿಟ್ಟು ಕೈಯಲ್ಲಿದ್ದ ರೊಕ್ಕ ಅಲ್ಲಿಗೆ ಮುಗಿಯಿತು, ಅವ್ವ ಬರಿಗಾಲಲ್ಲೇ ಬಸ್ಸು ಹತ್ತಿದಳು.

ಮನೋಳಿಯಲ್ಲಿ ಬಸ್ಸು ನಿಂತಾಗ ಸೆರಗು ಎಳೆದುಕೊಳ್ಳುವುದನ್ನು ಅವಳು ಮರೆತಳು. ಅಥವಾ ಬೇಡವೆನಿಸಿತೋ ಏನೋ. ನಿಲ್ದಾಣದ ಚಹಾದಂಗಡಿಯ ಮುಂದಿನ ಖುರ್ಚಿ ಮಾಮಾನ ಸಿಂಹಾಸನ. ಊರಿಗೆ ಯಾರು ಬಂದರು ಯಾರು ಹೋದರು ಎಂದು ಲೆಕ್ಕ ಇಡದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಅಲ್ಲಿಂದಲೇ ಅವ್ವನನ್ನು ಕಂಡು ಬಸ್ಸು ಹತ್ತಿ ಬಂದ.

"ತವರಮನಿ ಮುಂದಿಂದ ಹಾದ ಹೊಂಟೀದಿ, ಇಳಿಯಾಕ ಏನಾಗೇತಿ? ಕಾಲಾಗಿನವು ಎಲ್ಲೆ ಹೋದ್ವು?"

"ಗುಡ್ಡದಾಗ ಕಳುವಾದ್ವು ಅಣ್ಣಾ."

"ಹೋಗ್ಲಿ ಬಿಡು, ಪೀಡಾ ಹೋತು" ಎಂದವನು, ತಮ್ಮನ ಕಾಲು ನೋಡಿದ. "ಇವೇನು? ಹೊಸಾವು?"

ಬೂಟೂ ಕಳುವಾದವು ಎಂದು ಹೇಳಿಬಿಡಬಹುದಿತ್ತು. ಅದಕ್ಕೆಂದೇ ಅಷ್ಟು ದೂರ ಹೋಗಿದ್ದೆವು. ಆದರೆ ಕಾಯಿ ಮಾರುವವಳ ಕೃಪೆಯಿಂದ ಹಳೆ ಬೂಟುಗಳು ತಮ್ಮನ ತೊಡೆಯ ಮೇಲೇ ಇದ್ದವು, ಲಾಡಿ ಇಳಿಬಿಟ್ಟುಕೊಂಡು.

"ನೀ ತಂದಾವು ಇವಗ ಆಗಂಗಿಲ್ಲ ಅಣ್ಣಾ. ಬೆರಳು ಹಣ್ಣಾಗ್ಯಾವು. ಬೇಕಾರ ನೋಡು" ಎಂದು ಅವ್ವ ತಮ್ಮನ ಬೂಟು ಬಿಚ್ಚಲು ಬಗ್ಗಿದಳು.

ಮಾಮಾ ಕೈ ಅಡ್ಡ ಮಾಡಿದ. ಕಾಲು ನೋಡುವ ಇಚ್ಛೆ ಅವನಿಗಿರಲಿಲ್ಲ. "ಎಷ್ಟು ನಂಬರ ಇವು?"

"ಏಳು."

ಅವನು ಸುತ್ತ ಕುಳಿತವರ ಮುಖ ನೋಡಿ ನಕ್ಕ. "ಕೇಳ್ರೆಪಾ! ಐದನೇತ್ತಿ ಎರಡೆರಡ ಸಲ ಕುಂತಾಂವಗ ಏಳನೇ ನಂಬರ! ಮಾಸ್ತರ ಆರಕ್ಕ ಹಾಕ್ಲಿಲ್ಲ, ಇಕಿ ಏಳಕ್ಕ ಹಾಕ್ಯಾಳ!"

ಮೂರ್ನಾಲ್ಕು ಮಂದಿ ನಕ್ಕರು. ಊರ ಸಾಹುಕಾರ ನಕ್ಕ ಮೇಲೆ ನಗದೆ ಇರುವ ಗಂಡೆದೆ ಆ ಬಸ್ಸಿನಲ್ಲಿ ಯಾರಿಗಿತ್ತು? ತಮ್ಮ ತಲೆ ತಗ್ಗಿಸಿ ಹೊಸ ಬೂಟುಗಳನ್ನು ಸೀಟಿನ ಕೆಳಗೆ ಎಳೆದುಕೊಂಡ. ಅವ್ವ ಅದನ್ನು ನೋಡಿದಳು.

"ಕಾಲು ನಪಾಸ ಆಗಂಗಿಲ್ಲಣ್ಣಾ" ಎಂದಳು.

ಈ ಸಲ ಇಡೀ ಬಸ್ಸು ನಕ್ಕಿತು, ಕಂಡಕ್ಟರನೂ ಸೇರಿ. ನಕ್ಕದ್ದು ಯಾರನ್ನು ನೋಡಿ ಎಂದು ಮಾಮಾನಿಗೆ ತಿಳಿಯಿತು. ಅವನ ಮುಖ ಕಪ್ಪಿಟ್ಟಿತು. ತಮ್ಮನ ತೊಡೆಯ ಮೇಲಿನ ಬೂಟುಗಳನ್ನು ಕಸಿದುಕೊಂಡ.

"ಕೊಟ್ಟದ್ದಕ್ಕ ಹೆಸರಿಟ್ಟಿ, ಅದೂ ಮಂದ್ಯಾಗ. ಇನ್ನ ಮ್ಯಾಲ ನಿನ್ನ ಮನಿ ನಿನಗ, ನನ್ನ ಮನಿ ನನಗ" ಎಂದು ಬಸ್ಸಿಳಿದ. ಒಬ್ಬ ಹುಡುಗನ ಕಾಲಿಗೂ ಆಗದ ಆ ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ದೊಡ್ಡ ಆಸ್ತಿ ಗೆದ್ದವನ ಹಾಗೆ ತನ್ನ ಖುರ್ಚಿಗೆ ಹೋಗಿ ಕುಳಿತ.

ಮನೆಯಲ್ಲಿ ವಿಷಯ ಕೇಳಿ ಅಪ್ಪ ಮೊದಲು ಕೇಳಿದ ಪ್ರಶ್ನೆ, "ಬಸ್ಸಿನ್ಯಾಗ ನಮ್ಮ ಊರವ್ರು ಯಾರ್ಯಾರ ಇದ್ರು?" ಎಂದು. ಮಗನ ಕಾಲು ಹೇಗಿದೆ ಎಂದಲ್ಲ, ಹೆಂಡತಿ ಬರಿಗಾಲಲ್ಲಿ ಯಾಕೆ ಬಂದಳು ಎಂದಲ್ಲ. ನಾನು ಅವತ್ತಿನಿಂದ ಅಪ್ಪನಿಗೆ ನೀರು ಕೊಡುವಾಗ ತಂಬಿಗೆಯನ್ನು ಕೈಗೆ ಕೊಡದೆ ನೆಲದ ಮೇಲಿಡುವುದನ್ನು ರೂಢಿ ಮಾಡಿಕೊಂಡೆ. ಅಪ್ಪನಿಗೆ ಅದು ತಿಳಿಯಲೇ ಇಲ್ಲ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಇಡೀ ವರ್ಷದಲ್ಲಿ ಹೆಣ್ಣುಮಕ್ಕಳು ದಾರಿ ಕಾಯುವುದು ಅದೊಂದು ಹಬ್ಬಕ್ಕೆ. ಓಣಿಯ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಹೊರಟರು. ಅವ್ವ ಏನೂ ಆಗದವಳ ಹಾಗೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಹೊರಗೆ ಯಾವ ಜೀಪಿನ ಸದ್ದಾದರೂ ಅವಳ ಕೈ ಉಂಡಿಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಮನೋಳಿಯಿಂದ ಯಾರೂ ಬರಲಿಲ್ಲ. ಮಾಮಾ ಆ ವರ್ಷ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಹೊಟ್ಟೆತುಂಬ ಕಬ್ಬಿನ ಹಣವಿದ್ದ ಮನುಷ್ಯನಿಗೆ ಒಬ್ಬ ತಂಗಿಯ ಒಂದು ಮಾತನ್ನು ಅರಗಿಸಿಕೊಳ್ಳಲಾಗಲಿಲ್ಲ.

ಆ ವರ್ಷದ ಪಂಚಮಿಯ ಮರುದಿನ ಶಾಲೆ ಮತ್ತೆ ಶುರುವಾಯಿತು. ತಮ್ಮ ಕಪ್ಪೆಮೂತಿಯ ಬೂಟು ಹಾಕಿ, ಲಾಡಿ ಕಟ್ಟಿಕೊಂಡು ಹೊರಟ. ಬೆರಳಿನ ಗಾಯ ಅಷ್ಟೊತ್ತಿಗೆ ಪೂರ್ತಿ ಮಾಯ್ದಿತ್ತು, ಕರಿ ಉಗುರು ಬಿದ್ದು ಹೊಸದು ಬರುತ್ತಿತ್ತು. ನೋವೇನೂ ಇರಲಿಲ್ಲ ಅವನಿಗೆ. ಅವ್ವ ಬಾಗಿಲಿಗೆ ಬಂದು ನಿಂತಳು. ಈ ನಡಿಗೆಯನ್ನು ನೋಡಲೆಂದೇ ಅವಳು ತವರು ಕಳೆದುಕೊಂಡಿದ್ದಳು. ತಮ್ಮ ಅಂಗಳ ದಾಟಿ ಓಣಿಗೆ ಇಳಿದ. ಎಡಗಾಲು ಮೊದಲಿನ ಹಾಗೇ ಹೊರಗಿನ ಅಂಚಿನ ಮೇಲೆ ಬಿದ್ದಿತು, ಬಲಗಾಲು ಅದರ ಹಿಂದೆ ಎಳೆದುಕೊಂಡಿತು.

"ನೆಟ್ಟಗ ನಡಿಯೋ" ಎಂದು ಅವ್ವ ಕೂಗಿದಳು. "ಈಗ ಬೂಟ ಬರೋಬ್ಬರಿ ಅದಾವಲ್ಲ!"

ತಮ್ಮ ನಿಂತ. ತಿರುಗಿ ಅವ್ವನನ್ನು ನೋಡಿದ. ಬಗ್ಗಿ ತನ್ನ ಕಾಲುಗಳನ್ನು ಒಂದು ಸಲ ನೋಡಿಕೊಂಡ. ಅವಳು ಯಾಕೆ ಹಾಗೆ ಹೇಳುತ್ತಿದ್ದಾಳೆಂದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

"ನೆಟ್ಟಗನ ನಡ್ಯಾಕ ಹತ್ತೇನಲ್ಲಬೇ ಯವ್ವಾ" ಎಂದ.